ಅರವತ್ತು ಲೀಟರ್ ಸಮುದ್ರ

ಮಗನಿಗೆ ಬೆಂಗಳೂರಿನಿಂದ ಪುಣೆಗೆ ವರ್ಗವಾದಾಗ ಅವನ ಸಾಮಾನಿನ ಪೈಕಿ ಗಾಜಿನ ತೊಟ್ಟಿಯೊಂದು ಶಿವಮೊಗ್ಗಕ್ಕೆ, ನಮ್ಮ ಪಾಲಿಗೆ ಬಂತು. ಅದರೊಳಗೆ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನಿನ ಜೋಡಿ. ಅವು ಸಮುದ್ರದ ಮೀನುಗಳು. ನಲ್ಲಿ ನೀರಿನಲ್ಲಿ ಬದುಕುವುದಿಲ್ಲ.

"ಘಟ್ಟದ ಮೇಲೆ ಸಮುದ್ರವನ್ನು ಎಲ್ಲಿಂದ ತರುತ್ತೀರಿ?" ಎಂದಳು ನಮ್ಮವಳು.

"ತರುವುದೇಕೆ? ಇಲ್ಲೇ ಮಾಡಿದರಾಯಿತು" ಎಂದೆ. ಇಪ್ಪತ್ತೆಂಟು ವರ್ಷ ದ್ರಾವ್ಯ, ದ್ರಾವಕ, ದ್ರಾವಣ ಎಂದು ಬೋರ್ಡಿನ ಮೇಲೆ ಬರೆದ ಬಿ.ಎಸ್ಸಿ., ಬಿ.ಎಡ್. ಮೇಷ್ಟ್ರಿಗೆ ಇದೇನು ಮಹಾ! ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣ. ತೂಗಿದರೆ ಮುಗಿಯಿತು.

"ಹಾಗಾದರೆ ಅಡುಗೆಮನೆಯ ಉಪ್ಪೇ ಆಗುವುದಿಲ್ಲವೆ?" ಎಂಬ ಅವಳ ಪ್ರಶ್ನೆ ಮಾತ್ರ ಒಳ್ಳೆಯದಿತ್ತು. ನಾನು ಕುಮಟೆಯ ಕಡೆಯವನು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡುತ್ತಾ ಬೆಳೆದವನು. ಪಾತಿಗೆ ಬಿಟ್ಟ ನೀರು ಬಿಸಿಲಿಗೆ ಇಂಗುತ್ತಾ ಬಂದಂತೆ ಮೊದಲು ಸುಣ್ಣ, ಜಿಪ್ಸಂ ತಳಕ್ಕಿಳಿಯುತ್ತವೆ. ಆಮೇಲೆ ನಾವು ತಿನ್ನುವ ಉಪ್ಪು. ಮೆಗ್ನೀಸಿಯಂ ಲವಣಗಳು ಕೊನೆಯ ಕಹಿನೀರಿನಲ್ಲೇ ಉಳಿಯುತ್ತವೆ. ಉಪ್ಪನ್ನು ಬಾಚಿಕೊಂಡು ಆ ನೀರನ್ನು ಹೊರಗೆ ಬಿಡುತ್ತಾರೆ. ಸಮುದ್ರದ ಲವಣಗಳಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಅಡುಗೆ ಉಪ್ಪೇ ಇದ್ದರೂ ಉಳಿದ ಪಾಲಿಲ್ಲದೆ ಅದು ಸಮುದ್ರವಾಗದು. ಹೀಗಾಗಿ ಅಂಗಡಿಯಿಂದ ಸಮುದ್ರಲವಣದ ಪೊಟ್ಟಣವೇ ಬಂತು.

ಬೆರೆಸುವುದಕ್ಕೂ ಒಂದು ಕ್ರಮವಿದೆ. ಬಕೆಟ್ಟಿನಲ್ಲಿ ಮೊದಲು ನೀರು, ಅದೂ ಆರ್‌ಒ ಯಂತ್ರದ ನೀರು. ಆಮೇಲೆ ಸ್ವಲ್ಪಸ್ವಲ್ಪವಾಗಿ ಲವಣ. ಲವಣದ ರಾಶಿಯ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಸುಣ್ಣವಾಗಿ ನೀರೆಲ್ಲ ಬೆಳ್ಳಗಾಗುತ್ತದೆ, ಮತ್ತೆ ಸುಲಭಕ್ಕೆ ಕರಗದು. ರಾತ್ರಿಯಿಡೀ ಪುಟ್ಟ ಪಂಪು ತಿರುಗಿಸಿ ಬೆಳಿಗ್ಗೆ ಹೈಡ್ರೋಮೀಟರ್ ತೇಲಿಬಿಟ್ಟರೆ ೧.೦೨೫ ತೋರಿಸಬೇಕು. ತೋರಿಸಿತು. ಆವತ್ತು ನಾನು ಶಾಲೆಗೆ ಹೋದ ಗತ್ತನ್ನು ನೀವು ನೋಡಬೇಕಿತ್ತು.

"ವಾರಕ್ಕೊಮ್ಮೆಯಾದರೂ ಹೈಡ್ರೋಮೀಟರ್ ಹಾಕಿ ನೋಡ್ತಿರು ಅಪ್ಪಾ" ಎಂದಿದ್ದ ಮಗ. ತೂಗಿ ಹಾಕಿದವನಿಗೆ ಮತ್ತೆ ಅಳೆಯುವ ಕೆಲಸವೇನು ಎಂದುಕೊಂಡು ಸುಮ್ಮನಾದೆ.

ಮಾರ್ಚ್ ಬಂತು. ಬಿಸಿಲಿಗೆ, ಫ್ಯಾನಿನ ಗಾಳಿಗೆ ತೊಟ್ಟಿಯ ನೀರು ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಇಳಿಯತೊಡಗಿತು. ನಾನು ಪ್ರತಿ ಸಂಜೆ ಲೀಟರಿಗೆ ೩೫ ಗ್ರಾಂ ಲವಣ ಬೆರೆಸಿ, ಇಳಿದಷ್ಟು ತುಂಬುತ್ತಿದ್ದೆ. ಸಮುದ್ರದ ನೀರು ಕಡಿಮೆಯಾದರೆ ಸಮುದ್ರದ ನೀರನ್ನೇ ಹಾಕಬೇಕಲ್ಲವೆ?

ಮೂರು ವಾರ ಕಳೆಯುವಷ್ಟರಲ್ಲಿ ದೊಡ್ಡ ಮೀನು ಆಹಾರ ಮುಟ್ಟದೆ ಮೂಲೆ ಸೇರಿತು. ಕಿವಿರುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಮರುದಿನ ಬೆಳಿಗ್ಗೆ ಮರಳಿನ ಮೇಲೆ ಅಡ್ಡ ಮಲಗಿತ್ತು. ಚಿಕ್ಕದು ಅದರ ಸುತ್ತಲೇ ಸುಳಿದಾಡುತ್ತಿತ್ತು.

ಆಗ ಹೈಡ್ರೋಮೀಟರ್ ತೆಗೆದೆ. ಹಸಿರು ಗುರುತನ್ನೂ ದಾಟಿ ಮೇಲೆದ್ದು ೧.೦೩೫ರ ಬಳಿ ನಿಂತಿತು. ಮಿಕ್ಕ ಪ್ರಶ್ನೆಪತ್ರಿಕೆಯೊಂದರ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ೨೧ ದಿನ, ದಿನಕ್ಕೆ ೩೫ ಗ್ರಾಂ, ಒಟ್ಟು ೭೩೫ ಗ್ರಾಂ. ೬೦ ಲೀಟರಿಗೆ ಹಂಚಿದರೆ ಲೀಟರಿಗೆ ಹನ್ನೆರಡು ಗ್ರಾಂಗೂ ಮಿಕ್ಕಿ ಹೆಚ್ಚು. ೩೫ ಇದ್ದದ್ದು ೪೭ ಆಗಿತ್ತು. ಕಾಗದವನ್ನು ತಿರುಗಿಸಿದರೆ ಎಂಟನೆಯ ತರಗತಿಗೆ ನಾನೇ ತೆಗೆದ ಪ್ರಶ್ನೆ: "ಸಮುದ್ರದ ನೀರಿನಿಂದ ಉಪ್ಪನ್ನು ಹೇಗೆ ಪಡೆಯುತ್ತಾರೆ?" ಎರಡು ಅಂಕ. ಆ ವಾರ ಪ್ರತಿ ರಾತ್ರಿ ನಾನು ತಿದ್ದುತ್ತಿದ್ದ ಉತ್ತರಗಳು ಅವೇ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ ಎಂದು ಮಕ್ಕಳೆಲ್ಲ ಬರೆದಿದ್ದರು. ನಾನು ಮಾತ್ರ ಹಾಲಿನ ಮೂಲೆಯಲ್ಲಿ ಒಂದು ಆಗರವನ್ನೇ ನಡೆಸುತ್ತಿದ್ದೆ.

"ಬೇರೇನೋ ಕಾಯಿಲೆಯೂ ಇದ್ದಿರಬಹುದು ಬಿಡಿ" ಎಂದು ನಮ್ಮವಳು ಸಮಾಧಾನ ಹೇಳಿದಳು. ಇರಬಹುದು. ಆದರೆ ಲೆಕ್ಕ ನನ್ನೆದುರಿಗಿತ್ತು.

ಒಮ್ಮೆಗೇ ಸರಿಪಡಿಸಲು ಹೋದರೆ ಉಳಿದದ್ದಕ್ಕೂ ಅಪಾಯವೆಂದು, ದಿನಕ್ಕೆ ಎರಡು ಲೀಟರ್ ಉಪ್ಪುನೀರು ತೆಗೆದು ಅಷ್ಟೇ ಬರೀ ನೀರು ಹಾಕಿದೆ. ಇಳಿದ ಮಟ್ಟವನ್ನೂ ಬರೀ ನೀರಿನಿಂದಲೇ ತುಂಬಿದೆ. ಒಂಬತ್ತು ದಿನಕ್ಕೆ ಹೈಡ್ರೋಮೀಟರ್ ತನ್ನ ಜಾಗಕ್ಕೆ ಬಂತು. ಚಿಕ್ಕದು ಉಳಿಯಿತು.

ಮಗನಿಗೆ ಫೋನು ಮಾಡಲು ಧೈರ್ಯ ಬಂದದ್ದು ಆಮೇಲೆ. ಕೇಳಿ ತುಸು ಹೊತ್ತು ಸುಮ್ಮನಿದ್ದ. ಬೈಯಲಿಲ್ಲ. "ಚಿಕ್ಕದು ತಿಂತಿದೆಯಾ?" ಎಂದ. ಸತ್ತದ್ದು ಹೆಣ್ಣಂತೆ. ಈ ಜಾತಿಯಲ್ಲಿ ಹೆಣ್ಣು ಹೋದರೆ ಉಳಿದ ಗಂಡೇ ಕ್ರಮೇಣ ಹೆಣ್ಣಾಗುತ್ತದಂತೆ. ಜೀವಶಾಸ್ತ್ರವನ್ನೂ ನಾನೇ ಕಲಿಸುವವನಾದರೂ ಇದು ನನಗೆ ತಿಳಿದಿರಲಿಲ್ಲ.

ತೊಟ್ಟಿಯ ಗಾಜಿನ ಮೇಲೆ ಈಗ ನಮ್ಮವಳ ಉಗುರುಬಣ್ಣದ ಗೆರೆಯೊಂದಿದೆ. ನೀರು ಅದಕ್ಕಿಂತ ಕೆಳಗಿಳಿದರೆ ಬರೀ ನೀರು, ಗೆರೆಯವರೆಗೆ. ಮುಂದಿನ ತಿಂಗಳು ಮಗ ಬರುವಾಗ ಇನ್ನೊಂದು ಪುಟ್ಟ ಮೀನು ತರುತ್ತಾನಂತೆ. ಅಲ್ಲಿಯವರೆಗೆ ಪ್ರತಿ ಭಾನುವಾರ ನಾನು ಅವನಿಗೆ ಫೋನು ಮಾಡಿ ಅಂಕಿ ಒಪ್ಪಿಸಬೇಕು. ತೂಗಿದ ಗ್ರಾಂ ಅಲ್ಲ, ಹೈಡ್ರೋಮೀಟರಿನಲ್ಲಿ ಕಂಡದ್ದು.