ಸೊಟ್ಟ ಗೀರಿನ ಕಾರು

ಪೆಟ್ರೋಲಿನ ಮುಳ್ಳು, ಸೀಟ್‌ಬೆಲ್ಟ್ ಹಾಕಿಲ್ಲವೆಂದು ಗದರುವ ಕೆಂಪು ಚಿತ್ರ, ಹ್ಯಾಂಡ್‌ಬ್ರೇಕಿನ ದೀಪ, ಇವೆಲ್ಲ ಕಾರು ಓಡಿಸುವ ಎಲ್ಲರಿಗೂ ಪರಿಚಿತ. ಇವುಗಳ ನಡುವೆಯೇ ಹಳದಿ ಬಣ್ಣದ ಇನ್ನೊಂದು ಚಿತ್ರವಿರುತ್ತದೆ: ಒಂದು ಪುಟ್ಟ ಕಾರು, ಅದರ ಚಕ್ರಗಳ ಕೆಳಗೆ ಎರಡು ಸೊಟ್ಟ ಗೀರು. ಅದೇನೆಂದು ಕೇಳಿದರೆ ಹತ್ತು ವರ್ಷದಿಂದ ಓಡಿಸುತ್ತಿರುವವರೂ ತಡವರಿಸುತ್ತಾರೆ. ಮಳೆಗಾಲದಲ್ಲಿ ಮಲೆನಾಡಿನ ರಸ್ತೆ ಹಿಡಿಯುವವರಿಗೆ ಡ್ಯಾಶ್‌ಬೋರ್ಡಿನ ಅಷ್ಟೂ ದೀಪಗಳಲ್ಲಿ ಇದರಷ್ಟು ಬೇಕಾದದ್ದು ಇನ್ನೊಂದಿಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ.

ಇದು ಎರಡು ಬಗೆಯಲ್ಲಿ ಹೊತ್ತಿಕೊಳ್ಳುತ್ತದೆ. ಪಕಪಕನೆ ಮಿನುಗಿದರೆ ಚಕ್ರ ಜಾರಿದೆ, ಕಾರು ಅದನ್ನು ಸಂಭಾಳಿಸುತ್ತಿದೆ ಎಂದರ್ಥ. ಒಂದೇ ಸಮ ಉರಿದರೆ ಆ ಕಾವಲು ಈಗ ಇಲ್ಲ. ಒಂದೋ ಯಾರೋ ಬಟನ್ ಒತ್ತಿ ಆರಿಸಿದ್ದಾರೆ, ಇಲ್ಲವೇ ಎಲ್ಲೋ ಏನೋ ಕೆಟ್ಟಿದೆ. ಆದರೆ ನಮ್ಮವರು ಮಾಡುವುದು ತಿರುಗಾಮುರುಗಾ. ಮಿನುಗಿದ ಕೂಡಲೇ ಗಾಬರಿ ಬಿದ್ದು ಗ್ಯಾರೇಜಿಗೆ ಫೋನ್ ಮಾಡುತ್ತಾರೆ. ಒಂದೇ ಸಮ ಉರಿಯುತ್ತಿದ್ದರೆ ಮಾತ್ರ "ಗಾಡಿ ಓಡ್ತಾ ಇದೆಯಲ್ಲ ಮಾರಾಯ್ರೆ" ಎಂದು ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾರೆ.

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮುಂಗಾರಿನ ಮೊದಲ ಮಳೆ ಬಿದ್ದ ದಿನ ಅಲ್ಲಿ ಹತ್ತಿ ನೋಡಬೇಕು. ಬೇಸಿಗೆಯಿಡೀ ಕೂತ ಧೂಳು, ವಾಹನಗಳಿಂದ ತೊಟ್ಟಿಕ್ಕಿದ ಆಯಿಲು, ಎಲ್ಲ ಮೊದಲ ಹನಿಗಳಿಗೆ ಕಲಸಿಕೊಂಡು ಡಾಂಬರಿನ ಮೇಲೆ ಜಿಡ್ಡಾಗಿರುತ್ತದೆ. ಜುಲೈ ಹೊತ್ತಿಗೆ ಬಿಸಿಲು ಬೀಳದ ಅಂಚುಗಳಲ್ಲಿ ಹಾವಸೆ ಹಬ್ಬಿರುತ್ತದೆ. ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಫಸ್ಟ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಾರಿನ ಭಾರ ಹಿಂದಕ್ಕೂ ಹೊರಮಗ್ಗುಲಿಗೂ ವಾಲುತ್ತದೆ. ನಮ್ಮ ಹೆಚ್ಚಿನ ಸಣ್ಣ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರಗಳು. ಒಳಬದಿಯ ಮುಂಚಕ್ರ ಹಗುರಾಗಿ, ಹಿಡಿತ ಬಿಟ್ಟು, ಗಿರ್ರನೆ ತಿರುಗುತ್ತದೆ. ಅದೇ ಕ್ಷಣಕ್ಕೆ ಹಳದಿ ಚಿತ್ರ ಮಿನುಗುತ್ತದೆ, ಬಾನೆಟ್ಟಿನೊಳಗಿಂದ ಗರ್ ಗರ್ ಎಂದು ಸಣ್ಣ ಸದ್ದು ಬರುತ್ತದೆ, ಎಂಜಿನ್ ಒಂದಿಷ್ಟು ಸಪ್ಪಗಾಗುತ್ತದೆ. ಕಾರು ಮಾತ್ರ ತನ್ನ ಪಾಡಿಗೆ ತಿರುವು ದಾಟುತ್ತದೆ.

ಆ ಅರೆಗಳಿಗೆಯಲ್ಲಿ ನಡೆದದ್ದು ಸಣ್ಣ ಕೆಲಸವಲ್ಲ. ಎಬಿಎಸ್ ಬ್ರೇಕಿಗೆಂದು ನಾಲ್ಕೂ ಚಕ್ರಗಳ ಹಬ್ಬಿನ ಬಳಿ ಒಂದೊಂದು ಸೆನ್ಸರ್ ಇರುತ್ತದೆ. ಅದು ಚಕ್ರದ ವೇಗವನ್ನು ಎಡೆಬಿಡದೆ ಅಳೆಯುತ್ತದೆ. ಒಂದು ಚಕ್ರ ಉಳಿದವುಗಳಿಗಿಂತ ಜೋರಾಗಿ ತಿರುಗಿದರೆ ಅದು ಜಾರುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಅದು ಎಂಜಿನ್ನಿನ ಬಲ ತಗ್ಗಿಸುತ್ತದೆ. ಹೆಚ್ಚಿನ ಕಾರುಗಳಲ್ಲಿ ಜಾರುವ ಆ ಒಂದೇ ಚಕ್ರಕ್ಕೆ ಬ್ರೇಕನ್ನೂ ಹಿಡಿಯುತ್ತದೆ. ಬ್ರೇಕ್ ಯಾಕೆ? ಎಂಜಿನ್ನಿನ ಬಲವನ್ನು ಹಂಚುವ ಡಿಫರೆನ್ಷಿಯಲ್ ಎರಡೂ ಬದಿಗೆ ಸಮಪಾಲು ಕೊಡುತ್ತದೆ. ಕೆಸರಿನಲ್ಲಿ ಸುಮ್ಮನೆ ತಿರುಗುವ ಚಕ್ರ ತೆಗೆದುಕೊಳ್ಳುವುದು ಅತ್ಯಲ್ಪ ಬಲ, ಹಾಗಾಗಿ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ದಕ್ಕುತ್ತದೆ. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದೆತ್ತು ಎಳೆಯದೆ ನಿಂತರೆ ನೊಗ ಓರೆಯಾಗುತ್ತದೆಯೇ ಹೊರತು, ಇನ್ನೊಂದು ಎಷ್ಟು ಗಟ್ಟಿಯಿದ್ದರೂ ಗಾಡಿ ಮುಂದೆ ಬರುವುದಿಲ್ಲವಲ್ಲ, ಹಾಗೆ. ಜಾರುವ ಚಕ್ರವನ್ನು ಬ್ರೇಕ್ ಹಿಡಿದು ತಡೆದರೆ ಆಚೆ ಬದಿಯ ಚಕ್ರಕ್ಕೂ ಬಲ ಏರುತ್ತದೆ, ಕಾರು ಮೇಲೇರುತ್ತದೆ.

ಚಕ್ರ ಜಾರದಂತೆ ಕಾಯುವ ಈ ಟ್ರ್ಯಾಕ್ಷನ್ ಕಂಟ್ರೋಲಿಗೊಬ್ಬ ಅಣ್ಣನಿದ್ದಾನೆ, ಇಎಸ್‌ಪಿ ಅಥವಾ ಇಎಸ್‌ಸಿ. ಹೆಚ್ಚಿನ ಕಾರುಗಳಲ್ಲಿ ಇಬ್ಬರಿಗೂ ಇದೊಂದೇ ಚಿತ್ರ. ತಮ್ಮ ನೋಡುವುದು ಚಕ್ರ ಸುಮ್ಮನೆ ತಿರುಗುತ್ತಿದೆಯೇ ಎಂದು. ಅಣ್ಣ ನೋಡುವುದು ನಾವು ಸ್ಟಿಯರಿಂಗ್ ತಿರುಗಿಸಿದ ಕಡೆಗೇ ಕಾರು ಹೋಗುತ್ತಿದೆಯೇ ಎಂದು. ಹಿಂಬದಿ ಹೊರಕ್ಕೆ ಎಳೆದರೆ, ಅಥವಾ ಮೂತಿ ತಿರುಗದೆ ನೇರ ಪ್ರಪಾತದತ್ತ ಸಾಗಿದರೆ, ಬೇಕಾದ ಒಂದು ಚಕ್ರವನ್ನಷ್ಟೇ ಬ್ರೇಕ್ ಹಿಡಿದು ಕಾರನ್ನು ದಾರಿಗೆ ತರುತ್ತಾನೆ. ಬಾಷ್ ಮತ್ತು ಮರ್ಸಿಡಿಸ್ ಬೆಂಜ್ ಕಂಪನಿಗಳು ಇದನ್ನು 1995ರಲ್ಲಿ ಮಾರುಕಟ್ಟೆಗೆ ತಂದಾಗ ಇದು ಕೋಟ್ಯಧಿಪತಿಗಳ ಕಾರಿನ ಸವಲತ್ತು. ಸಣ್ಣ ಕಾರಿಗೆ ಇಳಿದು ಬಂದದ್ದು ಒಂದು ಪಲ್ಟಿಯಿಂದ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಪತ್ರಕರ್ತ ರಾಬರ್ಟ್ ಕೊಲಿನ್ ಮರ್ಸಿಡಿಸ್‌ನ ಹೊಸ ಸಣ್ಣ ಕಾರು ಎ-ಕ್ಲಾಸನ್ನು ಪರೀಕ್ಷೆಗೆ ಒಯ್ದರು. ರಸ್ತೆಗೆ ದಿಢೀರನೆ ಅಡ್ಡ ಬರುವ ಕಡವೆ ಜಾತಿಯ ದೊಡ್ಡ ಪ್ರಾಣಿಯನ್ನು ತಪ್ಪಿಸಲು ಎಡಕ್ಕೆಳೆದು ಮತ್ತೆ ಬಲಕ್ಕೆಳೆಯುವ ಪರೀಕ್ಷೆ ಅದು. ಕಾರು ಮಗುಚಿತು. ಮರ್ಸಿಡಿಸ್ ಆ ಕಾರಿನ ವಿತರಣೆ ನಿಲ್ಲಿಸಿ, ಪ್ರತಿ ಎ-ಕ್ಲಾಸಿಗೂ ಇಎಸ್‌ಪಿ ಕೂಡಿಸಿ ಮಾರುಕಟ್ಟೆಗೆ ಮರಳಿತು. ಕಾಟಿ, ಕಡವೆಗಳು ಅಡ್ಡ ಬರುವ ನಮ್ಮ ಘಾಟಿಗಳಲ್ಲಿ ಓಡಾಡುವಾಗ ಆ ಪರೀಕ್ಷೆ ನನಗೆ ದೂರದ ದೇಶದ ಸಂಗತಿ ಅನ್ನಿಸುವುದಿಲ್ಲ.

ಅಂಬಾಸಿಡರ್‌ನಲ್ಲಿ ಘಾಟಿ ಹತ್ತಿಳಿದ ಹಿರಿಯರು ಹೇಳುತ್ತಾರೆ, "ನಮಗೆ ಇದ್ಯಾವುದೂ ಇರಲಿಲ್ಲ, ಕಾಲಲ್ಲೇ ಎಲ್ಲ ಗೊತ್ತಾಗ್ತಿತ್ತು." ಆ ಮಾತಿನಲ್ಲಿ ನಿಜವಿದೆ, ಅವರ ಪಾದಕ್ಕೆ ನೆಲದ ಗುಣ ತಿಳಿಯುತ್ತಿತ್ತು, ಚಕ್ರ ಜಾರುವ ಮೊದಲೇ ಆಕ್ಸಿಲರೇಟರ್ ಬಿಡುತ್ತಿದ್ದರು. ಆದರೆ ಎಂಥ ಪಳಗಿದ ಡ್ರೈವರನ ಕಾಲಡಿಗೂ ಇರುವುದು ಒಂದೇ ಬ್ರೇಕ್ ಪೆಡಲು, ಅದು ಹಿಡಿಯುವುದು ನಾಲ್ಕೂ ಚಕ್ರಗಳನ್ನು. ಬಲಬದಿಯ ಹಿಂಚಕ್ರವೊಂದನ್ನೇ ತಡೆಯುವುದು ಮನುಷ್ಯನ ಕೈಲಾಗದ ಕೆಲಸ. ಕಾರುಗಳ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ನಕ್ಷತ್ರ ಪಡೆಯಲು ಇಎಸ್‌ಸಿ ಇರಲೇಬೇಕೆಂದು ನಿಯಮ ಮಾಡಿದ್ದು ನನಗೆ ಸಮಾಧಾನ ತಂದಿದೆ, ಇಷ್ಟು ತಡವಾಗಬಾರದಿತ್ತು.

ಇನ್ನು ಬಟನ್ನಿನ ಮಾತು. ಇಷ್ಟು ಉಪಕಾರಿಯಾದುದನ್ನು ಆರಿಸಲು ಬಟನ್ ಯಾಕೆ ಇಟ್ಟರು? ಉತ್ತರ ನನಗೆ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ನೆಂಟರ ಮನೆಯಲ್ಲಿ, ಶ್ರಾವಣದ ಒಂದು ಪೂಜೆಯ ದಿನ. ತೋಟದ ದಾರಿಯ ಕೆಂಪು ಕೆಸರಿನಲ್ಲಿ ಅಳಿಯನ ಕಾರು ಹೂತಿತ್ತು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಎಂಜಿನ್ ಏಳುತ್ತಿಲ್ಲ. "ಗಾಡಿಗೆ ಜೀವಾನೇ ಇಲ್ಲ ಮಾವ" ಎಂದ. ಅವನ ಕಾರಿನ ಮಟ್ಟಿಗೆ ಅದು ಸರಿಯಾದ ನಡತೆಯೇ: ಚಕ್ರ ಜಾರುತ್ತಿದೆ, ಅದಕ್ಕೇ ಬಲ ಕಡಿತ. ಆದರೆ ಆಳದ ಕೆಸರಿನಲ್ಲಿ ಚಕ್ರ ಒಂದಿಷ್ಟು ಜಾರಿ, ಮೇಲಿನ ಲೊಳೆ ಕೆದರಿ, ಅಡಿಯ ಗಟ್ಟಿ ಮಣ್ಣು ಮುಟ್ಟಿದರೆ ಮಾತ್ರ ಹಿಡಿತ ಸಿಗುವುದು. ಊರಿನ ಹಳೇ ಜೀಪಿನ ಡ್ರೈವರೊಬ್ಬರು ಪಂಚೆ ಮೇಲೆ ಕಟ್ಟಿ ಬಂದರು. ಚಕ್ರದ ಮುಂದಿನ ಕೆಸರು ಹಾರೆಯಲ್ಲಿ ಎಳೆದರು, ಒಣ ಅಡಿಕೆ ಸೋಗೆ ತಂದು ಚಕ್ರದಡಿ ತುರುಕಿದರು, ಅದರ ಮೇಲೊಂದು ಗೋಣಿಚೀಲ. "ಆ ಬಟನ್ ಒತ್ತು ತಮ್ಮ. ಸೆಕೆಂಡ್ ಗೇರು ಹಾಕು. ಜೋರು ತುಳೀಬೇಡ, ಮೆಲ್ಲಗೆ." ಚಿತ್ರದ ಕೆಳಗೆ ಆಫ್ ಎಂಬ ಅಕ್ಷರ ಮೂಡಿತು. ಚಕ್ರ ಎರಡು ಸುತ್ತು ಕೆಸರು ಚಿಮ್ಮಿಸಿ ಸೋಗೆಯನ್ನು ಕಚ್ಚಿಕೊಂಡಿತು, ಕಾರು ಮೇಲೆ ಬಂತು. ಜನ ಹೋ ಎನ್ನುವಷ್ಟರಲ್ಲಿ ಅವರು ಕಿಟಕಿಗೆ ಬಂದು ಹೇಳಿದರು, "ಈಗ ಅದನ್ನ ಮತ್ತೆ ಒತ್ತು. ಮರೆತು ರೋಡಿಗೆ ಇಳಿಬೇಡ."

ಆ ಬಟನ್ ಇರುವುದು ಇಂಥ ಹೊತ್ತಿಗೆ: ಕೆಸರು, ಸಮುದ್ರದ ದಂಡೆಯ ಮರಳು, ಹಿಮದ ನಾಡಿನಲ್ಲಿ ಹಿಮ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಕಾವಲು ತಾನಾಗಿ ಮರಳುತ್ತದೆ. ತಯಾರಿಸಿದವರಿಗೆ ನಮ್ಮ ಮರೆವು ಗೊತ್ತಿತ್ತು. ಆದರೆ "ಆಫ್ ಮಾಡಿದ್ರೆ ಪುಲ್ಲಿಂಗ್ ಚೆನ್ನಾಗಿರುತ್ತೆ" ಎಂದು ಭಾನುವಾರ ಬೆಳಿಗ್ಗೆ ಘಾಟಿಗೆ ಹೊರಡುವ ಹುಡುಗರನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ಹಿಡಿತವಿರುವ ರಸ್ತೆಯಲ್ಲಿ ಅದು ಎಂಜಿನ್ನಿನಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಹಿಡಿತ ತಪ್ಪಿದಾಗ ಮಾತ್ರ ನಡುವೆ ಬರುತ್ತದೆ. ಆರಿಸಿದವರು ಕಳೆದುಕೊಳ್ಳುವುದು ಆ ಒಂದು ಗಳಿಗೆಯ ನೆರವನ್ನೇ.

ಬಟನ್ ಮುಟ್ಟದೆಯೂ ದೀಪ ಒಂದೇ ಸಮ ಉರಿದರೆ ಕಾರಣ ಹಲವು. ಹಬ್ಬಿನ ಸೆನ್ಸರಿಗೆ ಕೆಸರು ಮೆತ್ತಿರಬಹುದು, ಶೆಡ್ಡಿನ ಇಲಿ ವೈರು ಕಡಿದಿರಬಹುದು. ಬ್ಯಾಟರಿ ಬದಲಿಸಿದ ಮೇಲೆ ಸ್ಟಿಯರಿಂಗಿನ ಕೋನ ಅಳೆಯುವ ಸೆನ್ಸರಿಗೆ ನಡುಬಿಂದು ಮರೆತಿರಬಹುದು; ಕೆಲವು ಕಾರುಗಳಲ್ಲಿ ಸ್ಟಿಯರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿದರೆ ಸರಿಹೋಗುತ್ತದೆ. ಒಂದು ಟೈರು ಮಾತ್ರ ಬೇರೆ ಸೈಜಿನದಾದರೂ ಲೆಕ್ಕ ತಪ್ಪುತ್ತದೆ. ಜೊತೆಗೆ ಎಬಿಎಸ್ ದೀಪವೂ ಉರಿದರೆ ಎರಡಕ್ಕೂ ಸೇರಿದ ಸೆನ್ಸರಿನದೇ ತಕರಾರು ಎಂದು ಮೊದಲು ಅನುಮಾನಿಸಬೇಕು. ಮಾಮೂಲಿ ಬ್ರೇಕ್ ಆಗಲೂ ಹಿಡಿಯುತ್ತದೆ, ನಿಧಾನವಾಗಿ ಗ್ಯಾರೇಜು ಸೇರಬಹುದು. ಕೆಂಪು ಬ್ರೇಕ್ ದೀಪವೂ ಸೇರಿಕೊಂಡರೆ ಮಾತ್ರ ಅಲ್ಲೇ ನಿಲ್ಲಿಸಬೇಕು.

ಇವೆಲ್ಲ ಸರಿಯಿದ್ದರೂ ಇಲ್ಲದ ಹಿಡಿತವನ್ನು ಯಾವ ಕಂಪ್ಯೂಟರೂ ಹುಟ್ಟಿಸಲಾರದು. ನೆಲ ಮುಟ್ಟುವುದು ನಾಲ್ಕು ಟೈರುಗಳ ನಾಲ್ಕು ಅಂಗೈಯಗಲದ ತುಂಡುಗಳು. ಕಾನೂನು ಕೇಳುವುದು ಟೈರಿನ ಗೀರುಗಳಿಗೆ 1.6 ಮಿಲಿಮೀಟರ್ ಆಳ. ಮಲೆನಾಡಿನ ಮಳೆಗೆ ಅಷ್ಟು ಸಾಲದು, ಮೂರು ಮಿಲಿಮೀಟರಿಗೆ ಇಳಿದಾಗಲೇ ಟೈರು ಬದಲಿಸಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ನುಣುಪಾದ ಟೈರಿನ ಕಾರಿನಲ್ಲಿ ತಿರುವು ತಿರುವಿಗೂ ದೀಪ ಮಿನುಗುತ್ತಿದ್ದರೆ ಅದು ಟೈರಿನ ಅಂಗಡಿಗೆ ಹೋಗಿ ಎಂದು ಹೇಳುತ್ತಿದೆ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರಿಗೆ ಇನ್ನೊಂದು ಮಾತು. ಬಣ್ಣ, ಸೀಟು, ಸ್ಟೀರಿಯೋ ನೋಡುವ ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಆನ್ ಹಂತದವರೆಗೆ ತಿರುಗಿಸಿ. ಈ ವ್ಯವಸ್ಥೆ ಇರುವ ಕಾರಿನಲ್ಲಿ ಹಳದಿ ಚಿತ್ರ ಕೆಲ ಸೆಕೆಂಡು ಹೊತ್ತಿ, ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಆರಬೇಕು. ಆರದಿದ್ದರೆ ದೋಷವಿದೆ, ರಿಪೇರಿಯ ಖರ್ಚು ಬೆಲೆಯಲ್ಲಿ ಕಳೆಯಬಹುದು. ಹೊತ್ತುವುದೇ ಇಲ್ಲವಾದರೆ ದೋಷ ಕಾಣದಿರಲೆಂದು ಯಾರಾದರೂ ದೀಪವನ್ನೇ ಕಿತ್ತಿರಬಹುದು. ಸ್ಕ್ಯಾನರ್ ಇರುವ ಮೆಕ್ಯಾನಿಕ್ಕಿಗೆ ತೋರಿಸದೆ ಅಂಥ ಕಾರಿಗೆ ಮುಂಗಡ ಕೊಡಬೇಡಿ.