ಕೈ ಓಡವಲ್ದು

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷು. ಹೀಗೆ ಬೆಳೆದ ನೀವು, ಊರಿನಿಂದ ಅಜ್ಜಿ ಬಂದಾಗ ಆಸ್ಪತ್ರೆಯಲ್ಲಿ ಅವರ ದುಭಾಷಿಗಳಾಗುತ್ತೀರಿ. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಮಗಳದು.

ಧಾರವಾಡದಿಂದ ಕೊಚ್ಚಿಗೆ ಬಂದಿದ್ದ ನಮ್ಮವ್ವ ಒಂದೇ ಮಾತು ಹೇಳುತ್ತಿದ್ದಳು: "ಯಾಕೋ ಕೈ ಓಡವಲ್ದು." ಕೈಕಾಲು ಓಡದಿರುವುದೆಂದರೆ ನಮ್ಮಲ್ಲಿ ಗಾಬರಿ ಎಂದರ್ಥ ತಾನೆ? ಮಗಳು ವೈದ್ಯರಿಗೆ "ಅಜ್ಜಿಗೆ ಟೆನ್ಷನ್" ಎಂದು ಮಲಯಾಳದಲ್ಲಿ ಹೇಳಿದಳು. ಪಕ್ಕದಲ್ಲಿದ್ದ ನಾನೂ ತಲೆಯಾಡಿಸಿದೆ. ನಿದ್ದೆ ಮಾತ್ರೆ ಸಿಕ್ಕಿತು. ಎಂಟು ತಿಂಗಳು ಹಾಗೇ ಹೋಯಿತು.

ಅವ್ವ ಹೇಳಿದ್ದು ಅಕ್ಷರಶಃ ನಿಜ. ರೊಟ್ಟಿ ಬಡಿಯಲು ಎರಡರಷ್ಟು ಹೊತ್ತು. ನಡೆಯುವಾಗ ಬಲಗೈ ಬೀಸುತ್ತಲೇ ಇರಲಿಲ್ಲ.

ಕೊನೆಗೆ ರೈಲು ಹತ್ತಿ ತಿರುವನಂತಪುರಕ್ಕೆ ಹೋದೆವು. ಅಲ್ಲಿನ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಇಂಥ ಚಲನೆಯ ತೊಂದರೆಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ವೈದ್ಯರು ಹೆಬ್ಬೆರಳಿಗೆ ತೋರುಬೆರಳನ್ನು ಬಡಿಸಿ ನೋಡಿದರು. ಕಾಗದದ ಮೇಲೆ ಒಂದು ಸಾಲು ಬರೆಸಿದರು. ಅವ್ವನ ದುಂಡು ಅಕ್ಷರ ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಸಿವೆಯಷ್ಟಾಗಿತ್ತು. ಪಾರ್ಕಿನ್ಸನ್ ಎಂದರು.

"ಕೈ ನಡುಗುವುದೇ ಇಲ್ಲವಲ್ಲ ಡಾಕ್ಟ್ರೇ!" ಎಂದೆ.

ಹೆಸರುಗಳು ದಾರಿ ತಪ್ಪಿಸುವುದು ಇಲ್ಲೇ ನೋಡಿ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವರ್ಣಿಸಿದಾಗ 'ನಡುಗುವ ಲಕ್ವ' ಎಂಬರ್ಥದ ಹೆಸರಿಟ್ಟ. ನಮ್ಮ ಪಂಡಿತರು ಕಂಪವಾತ ಎನ್ನುತ್ತಾರೆ, ಮಲಯಾಳಿಗಳು ವಿರವಾತಂ. ಮೂರರಲ್ಲೂ ನಡುಕವೇ! ಆದರೆ ನಡುಕ ಎಲ್ಲರಿಗೂ ಬರುವುದಿಲ್ಲ. ಲಕ್ವದಂತೆ ಕೈ ಬಿದ್ದುಹೋಗುವುದೂ ಇಲ್ಲ. ಮೆದುಳಿನಲ್ಲಿ ಡೋಪಮಿನ್ ಕಡಿಮೆಯಾಗಿ ಚಲನೆ ನಿಧಾನವಾಗುತ್ತದೆ. ವೈದ್ಯರು ಮುಖ್ಯವಾಗಿ ಹುಡುಕುವುದು ಆ ನಿಧಾನವನ್ನೇ. ನಡುಕವಿದ್ದರೆ, ಕೈ ಸುಮ್ಮನೆ ತೊಡೆಯ ಮೇಲಿರುವಾಗ ಅದು ಹೆಚ್ಚು. ಲೋಟ ಎತ್ತುವಾಗ ಮಾತ್ರ ನಡುಗಿದರೆ ಸಾಮಾನ್ಯವಾಗಿ ಕಾರಣ ಬೇರೆ.

ಅವ್ವನಿಗೆ ಕೊಟ್ಟ ಮದ್ದು ಲೆವೊಡೋಪಾ. 1937ರಲ್ಲೇ ಮದರಾಸಿನಲ್ಲಿ ದಾಮೋದರನ್, ರಾಮಸ್ವಾಮಿ ಎಂಬಿಬ್ಬರು ಅದನ್ನು ನಸುಗುನ್ನಿ ಬೀಜದಿಂದ ಬೇರ್ಪಡಿಸಿದ್ದರು. ಹೌದು, ಮೈಗೆ ತಾಗಿದರೆ ತುರಿಸುವ ಅದೇ ನಸುಗುನ್ನಿ! ಹಾಗೆಂದು ಬೀಜ ಕುಟ್ಟಿ ಕುಡಿಸಲು ಹೋಗಬೇಡಿ, ಅಳತೆ ಸಿಗುವುದಿಲ್ಲ.

ನಿಮ್ಮ ಅಜ್ಜಿಯ ಜೊತೆ ಹೋದಾಗ ಅವರ ಮಾತನ್ನು ಕಾಯಿಲೆಯ ಹೆಸರಾಗಿ ಬದಲಿಸಬೇಡಿ. ಕೈ ಓಡುವುದಿಲ್ಲ ಎಂದರೆ ಹಾಗೆಯೇ ಹೇಳಿ. ಆಮೇಲೆ ನೀವು ಕಂಡದ್ದನ್ನು ಸೇರಿಸಿ: ಯಾವ ಕೈ, ಯಾವ ಕೆಲಸದಲ್ಲಿ, ಎಂದಿನಿಂದ.

ಈಗ ಮಗಳು ತಿಂಗಳಿಗೊಮ್ಮೆ ಅಜ್ಜಿಯಿಂದ ಒಂದು ಸಾಲು ಬರೆಸಿ, ಪಕ್ಕದಲ್ಲಿ ತಾರೀಖು ಹಾಕಿಡುತ್ತಾಳೆ. ಮುಂದಿನ ಸಲ ತಿರುವನಂತಪುರಕ್ಕೆ ಹೋಗುವಾಗ ಆ ನೋಟ್‌ಬುಕ್ಕೂ ನಮ್ಮ ಚೀಲದಲ್ಲಿರುತ್ತದೆ.