ಕುದುರೆಯಿಲ್ಲದ ತಂತಿ

ಕಾಂತೆಲೆ ಎಂಬುದು ಫಿನ್ಲೆಂಡ್ ಜನರ ತಂತಿವಾದ್ಯ. ಹಳೆಯ ಮಾದರಿಗೆ ಐದೇ ತಂತಿ. ಅವರ ಮಹಾಕಾವ್ಯ 'ಕಾಲೆವಾಲಾ'ದಲ್ಲಿ ಮುದಿ ಗಾಯಕ ವೈನಾಮೊಯಿನೆನ್ ದೊಡ್ಡ ಮೀನೊಂದರ ದವಡೆಯಿಂದ ಮೊದಲ ಕಾಂತೆಲೆ ಮಾಡುತ್ತಾನೆ. ಅದು ನೀರುಪಾಲಾದ ಮೇಲೆ, ತನ್ನ ಪಾಡಿಗೆ ಅಳುತ್ತಿದ್ದ ಬರ್ಚ್ ಮರವೊಂದರಿಂದ ಎರಡನೆಯದನ್ನು ಕೆತ್ತುತ್ತಾನೆ. ತಂತಿಗೆಂದು ಹುಡುಗಿಯೊಬ್ಬಳು ತನ್ನ ಕೂದಲು ಕೊಡುತ್ತಾಳೆ. ಕತೆ ಬರೆಯುವ ನನಗೆ ಈ ಅಳುವ ಮರ ಬಹಳ ಹಿಡಿಸಿತ್ತು. ಆದರೆ ಕೆತ್ತುವವರಿಗೆ ಬೇಕಾದದ್ದು ಒಣಗಿದ ಮರ ಎಂದು ನಕ್ಕವಳು ನನ್ನ ಅಣ್ಣನ ಮಗಳು.

ಅವಳು ಹೆಲ್ಸಿಂಕಿಯಲ್ಲಿ ನೌಕರಿಯಲ್ಲಿದ್ದಾಳೆ. ಊರ ಜನ ಸಂಜೆ ಹೊತ್ತು ಕೈಗೆಲಸ ಕಲಿಯುವ ತರಗತಿಗೆ ಸೇರಿ ಕಾಂತೆಲೆ ಮಾಡುತ್ತಿದ್ದಳು. ಕಳೆದ ಚಳಿಗಾಲ ಅಲ್ಲಿಗೆ ಹೋದಾಗ ಅವಳ ಜೊತೆ ನಾನೂ ಕೂತೆ. ಮೊಳಕ್ಕಿಂತ ಸ್ವಲ್ಪ ಉದ್ದದ ಆಲ್ಡರ್ ಮರದ ತುಂಡು. ಒಂದು ತುದಿ ಕಿರಿದು, ಇನ್ನೊಂದು ಅಗಲ. ಬಾಗಿದ ಉಳಿಯಿಂದ ಒಳಗನ್ನು ತೋಡುತ್ತ ಹೋಗಬೇಕು. ಮೇಲೆ ಸ್ಪ್ರೂಸ್ ಮರದ ತೆಳು ಹಲಗೆ ಅಂಟಿಸುತ್ತಾರೆ. ಅಗಲದ ತುದಿಯಲ್ಲಿ ಬರ್ಚ್ ಮರದ ಬಿರಡೆಗಳು. ಕಿರಿದಾದ ತುದಿಯಲ್ಲಿ ಒಂದು ಕಬ್ಬಿಣದ ಸರಳು, ಅದಕ್ಕೆ ತಂತಿಯನ್ನು ಸುತ್ತಿ ಗಂಟು ಹಾಕುವುದು. ಇಷ್ಟೇ.

"ಕುದುರೆ ಎಲ್ಲಿ?" ಎಂದು ಕೇಳಿದೆ.

"ಇದಕ್ಕೆ ಕುದುರೆ ಇಲ್ಲ ಚಾಚಾ."

ನಂಬಲಾಗಲಿಲ್ಲ. ನಾವು ಬೆಳಗಾವಿ ಕಡೆಯವರು, ಮಿರಜ್ ನಮಗೆ ಹತ್ತಿರ. ಅಲ್ಲಿ ಸಿತಾರ್ ಮಾಡುವ ಮನೆತನಗಳು ಶಿಕಲಗಾರರವು. ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಮುಸ್ಲಿಂ ಕಸುಬುದಾರರು 19ನೆಯ ಶತಮಾನದಲ್ಲಿ ವಾದ್ಯದ ಕೆಲಸಕ್ಕೆ ಇಳಿದರು. ವೀಣೆಯವರು ಕುದುರೆ ಎನ್ನುವುದನ್ನು ಅವರು ಘೋಡಿ ಎನ್ನುತ್ತಾರೆ. ಅದರ ಮೈಯನ್ನು ಕೂದಲೆಳೆಯಷ್ಟು ಉಜ್ಜಿ ಉಜ್ಜಿ ಜವಾರಿ ತೆಗೆಯುವುದರಲ್ಲೇ ಅವರ ಜಾಣ್ಮೆಯೆಲ್ಲ. ಕಾಂತೆಲೆಯಲ್ಲಿ ಆ ಕೆಲಸವನ್ನು ಗಂಟೇ ಮಾಡುತ್ತದೆ. ತಂತಿ ಮೇಲೆ ಕೆಳಗೆ ಅಲುಗುವಾಗ ಒಂದು ಉದ್ದ, ಅಡ್ಡಕ್ಕೆ ಅಲುಗುವಾಗ ಇನ್ನೊಂದು. ಎರಡೂ ಒಂದರೊಳಗೊಂದು ಸೇರಿ ದನಿ ಅಲೆಅಲೆಯಾಗಿ ತೇಲುತ್ತದೆ. ಅಷ್ಟು ಸಣ್ಣ ಪೆಟ್ಟಿಗೆಯಿಂದ ಅಷ್ಟು ಹೊತ್ತು ನಿಲ್ಲುವ ನಾದ ನಾನು ಕೇಳಿರಲಿಲ್ಲ.

ಅಣ್ಣನಿಗೆ ಈ ಸುದ್ದಿ ಹಿಡಿಸಲಿಲ್ಲ. ನಮ್ಮ ಮನೆಯೊಳಗೆ ದಫ್ ಬಿಟ್ಟು ಬೇರೆ ವಾದ್ಯ ಬಂದದ್ದಿಲ್ಲ. ಇಮಾಮ್ ಗಜಾಲಿಯಂಥವರು ಸಂಗೀತವನ್ನು ಷರತ್ತಿನ ಮೇಲೆ ಒಪ್ಪಿದ್ದಾರೆ, ಒಪ್ಪದ ಉಲಮಾಗಳೂ ಇದ್ದಾರೆ, ಅಣ್ಣ ಒಪ್ಪದವರ ಕಡೆ. ಈ ಜಗಳ ನಮ್ಮದೊಂದೇ ಅಲ್ಲವೆಂಬುದು ಅಲ್ಲಿ ತಿಳಿಯಿತು. ಲೂಥರನ್ ಪಾದ್ರಿಗಳು ಕಾಂತೆಲೆಯೊಂದಿಗೆ ಹಾಡುತ್ತಿದ್ದ ಹಳೆಯ ಪದಗಳನ್ನು ಅಜ್ಞಾನಕಾಲದವೆಂದು ಹಳಿದರು. ಪಶ್ಚಿಮದ ಹಳ್ಳಿಗಳಲ್ಲಿ ಅವು ಅಡಗಿದವು, ಪೂರ್ವದ ಕರೇಲಿಯದಲ್ಲಿ ಉಳಿದವು. ಎಲಿಯಾಸ್ ಲೋನ್ರೋತ್ ಎಂಬ ವೈದ್ಯ ಅಲ್ಲೆಲ್ಲ ತಿರುಗಿ ಹಾಡು ಕೂಡಿಹಾಕಿ 1835ರಲ್ಲಿ 'ಕಾಲೆವಾಲಾ' ಅಚ್ಚು ಹಾಕಿಸಿದ. ಇದನ್ನೆಲ್ಲ ಅಣ್ಣನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಹುಡುಗಿಯೇ ಫೋನ್ ಮಾಡಿದಳು.

"ಬಾರಿಸೋದನ್ನೂ ಕಲೀತೀಯೇನು?" ಅಣ್ಣನ ದನಿ ಗಡುಸಾಗಿತ್ತು.

"ಮೊದಲು ಮರಗೆಲಸ ಮುಗೀಲಿ ಅಬ್ಬಾ."

ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಅಣ್ಣ ಮೂವತ್ತು ವರ್ಷದಿಂದ ಕಟ್ಟಿಗೆ ಅಡ್ಡೆ ನಡೆಸುತ್ತಾನೆ.

"ಯಾವ ಮರ?"

"ಆಲ್ಡರ್ ಅಂತಾರೆ. ಇಲ್ಲಿ ಕೆರೆ ದಂಡೆಯಲ್ಲಿ ಬೆಳೆಯುತ್ತೆ."

"ನೀರು ಕುಡಿದ ಮರ. ಎಷ್ಟು ದಿನ ಒಣಗಿಸಿದ್ದಾರೆ ಕೇಳು. ತಂತಿ ಬಿಗಿದ ಮೇಲೆ ಸೀಳೀತು."